ಶಾಖವು ಎಲ್ಲಿ ತಡೆದು ನಿಂತಿತು?

ಕಳೆದ ಏಪ್ರಿಲ್ ತಿಂಗಳ ಮೊದಲ ವಾರ, ಕಲಬುರಗಿ ಸೀಮೆಯಲ್ಲಿರುವ ನಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗದ ಗಣಕಯಂತ್ರವು ಮೂರು ರಾತ್ರಿಗಳಲ್ಲಿ ಎರಡು ಸಲ ತಾನಾಗಿಯೇ ನಿಂತುಹೋಯಿತು. ಎಂ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ ತನ್ನ ಪ್ರಬಂಧದ ಲೆಕ್ಕವೊಂದನ್ನು ನಡೆಸುತ್ತಿದ್ದಳು. ಕಾಂತವನ್ನು ಕಾಯಿಸುತ್ತ ಹೋದರೆ ಅದು ಯಾವ ಬಗೆಯಲ್ಲಿ ತನ್ನ ಕಾಂತತ್ವವನ್ನು ಕಳೆದುಕೊಳ್ಳುವುದೆಂಬುದು ಆ ಲೆಕ್ಕದ ವಿಷಯ. ಅದು ಮುಗಿಯಬೇಕಾದರೆ ಯಂತ್ರವು ಐದು ದಿನ ಹಗಲಿರುಳು ಎಡೆಬಿಡದೆ ನಡೆಯಬೇಕು. ಪ್ರಬಂಧವನ್ನು ಒಪ್ಪಿಸಲು ಉಳಿದಿದ್ದುದು ಹದಿನೆಂಟೇ ದಿನ. ಯಂತ್ರವನ್ನು ನೋಡಲು ಬಂದ ರಿಪೇರಿಯವರು ಪರದೆಯ ಮೇಲೆ ೧೦೦ ಡಿಗ್ರಿ ಎಂಬ ಅಂಕಿಯನ್ನು ಕಂಡು, "ಪ್ರೊಸೆಸರ್ ಹೋಗಿದೆ, ಹೊಸದು ಹಾಕಿಸಿರಿ" ಎಂದು ಹೇಳಿ ಹೊರಟುಹೋದರು. ಹೊಸದರ ಬೆಲೆಯು ನಮ್ಮ ಪ್ರಯೋಗಶಾಲೆಗೆ ವರ್ಷವಿಡೀ ದೊರೆಯುವ ಹಣದ ಅರ್ಧವನ್ನು ನುಂಗುವಷ್ಟಿತ್ತು. ದೋಷವೆಲ್ಲಿದೆ ಎಂಬುದನ್ನು ನಾವೇ ಹುಡುಕದೆ ಬೇರೆ ದಾರಿಯಿರಲಿಲ್ಲ.

ಈ ಯಂತ್ರದ ಪ್ರೊಸೆಸರನ್ನು ತಣಿಸಲು ದ್ರವದ ಏರ್ಪಾಡೊಂದಿದೆ. ಪ್ರೊಸೆಸರಿನ ನೆತ್ತಿಯ ಮೇಲೆ ತಾಮ್ರದ ಫಲಕವೊಂದು ಬಿಗಿಯಾಗಿ ಕುಳಿತಿರುವುದು. ಅದರ ಬೆನ್ನಿಗೇ ಒಂದು ಪುಟ್ಟ ಪಂಪ್. ಅಲ್ಲಿಂದ ಎರಡು ರಬ್ಬರ್ ನಳಿಕೆಗಳು ಹೊರಟು, ಕಾರಿನ ಮುಂಭಾಗದಲ್ಲಿರುವಂತಹುದೇ ಆದ ಒಂದು ರೇಡಿಯೇಟರನ್ನು ಸೇರುವುವು. ಒಂದು ನಳಿಕೆಯಲ್ಲಿ ಬಿಸಿ ದ್ರವವು ಹೋಗುವುದು, ಇನ್ನೊಂದರಲ್ಲಿ ತಣಿದ ದ್ರವವು ಮರಳುವುದು. ರೇಡಿಯೇಟರಿನ ತೆಳುವಾದ ಪಟ್ಟಿಗಳ ನಡುವೆ ಎರಡು ಫ್ಯಾನುಗಳು ಗಾಳಿಯನ್ನು ನೂಕುತ್ತಿರುವುವು. ಎಲ್ಲವೂ ಮುಚ್ಚಿದ ಕೊಳವೆಯೊಳಗಿನ ವ್ಯವಹಾರ. ಒಂದು ತೊಟ್ಟೂ ಹೊರಗೆ ಬರುವಂತಿಲ್ಲ.

ಇದನ್ನು ಅಂಗಡಿಯವರು 'ಕೂಲರ್' ಎನ್ನುತ್ತಾರೆ. ಆ ಹೆಸರು ನಮ್ಮ ಕಡೆಯವರನ್ನು ದಾರಿತಪ್ಪಿಸುವಂತಹುದು. "ಕೂಲರ್ ಅದಲ್ರಿ ಸರ್, ಮತ್ತ್ಯಾಕ ಬಿಸಿ ಆಗ್ತದ?" ಎಂದು ನಮ್ಮ ಅಟೆಂಡರ್ ಕೇಳಿದರು. ಅವರ ಮನಸ್ಸಿನಲ್ಲಿದ್ದುದು ಬೇಸಗೆಯಲ್ಲಿ ಈ ಭಾಗದ ಮನೆಮನೆಯಲ್ಲಿಯೂ ಗುಡುಗುಡು ಎನ್ನುವ ನೀರಿನ ಕೂಲರ್. ಅದೂ ಮಣ್ಣಿನ ಹೂಜಿಯೂ ಕೆಲಸಮಾಡುವುದು ಒಂದೇ ತತ್ತ್ವದ ಮೇಲೆ: ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಹೂಜಿಯ ನೀರು ಹೊರಗಿನ ಗಾಳಿಗಿಂತಲೂ ತಣ್ಣಗಾಗಬಲ್ಲುದು. ಗಣಕದ ಕೂಲರಿನಲ್ಲಿಯಾದರೋ ಏನೂ ಆವಿಯಾಗುವುದಿಲ್ಲ. ಅದು ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕೂಲಿಯಾಳು ಮಾತ್ರ. ಕೋಣೆಯ ಗಾಳಿ ೩೮ ಡಿಗ್ರಿ ಇದ್ದರೆ ಅದರೊಳಗಿನ ದ್ರವವು ೩೮ಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ.

ಸಾಗಿಸಬೇಕಾದ ಶಾಖವೆಷ್ಟು? ನಮ್ಮ ಪ್ರೊಸೆಸರ್ ಪೂರ್ಣ ಕೆಲಸದಲ್ಲಿರುವಾಗ ೧೨೫ ವಾಟ್ ವಿದ್ಯುತ್ತನ್ನು ಬಳಸುವುದು. ಅದೆಲ್ಲವೂ ಕಡೆಗೆ ಶಾಖವೇ ಆಗುವುದು. ಇಸ್ತ್ರಿಪೆಟ್ಟಿಗೆಯ ೧೦೦೦ ವಾಟ್‌ಗಳೆದುರು ಇದೇನು ಮಹಾ ಎಂದು ತೋರಬಹುದು. ಆದರೆ ಇಸ್ತ್ರಿಪೆಟ್ಟಿಗೆಯ ತಳವು ಸುಮಾರು ೨೦೦ ಚದರ ಸೆಂಟಿಮೀಟರ್ ಇರುವುದು, ಸಿಲಿಕಾನಿನ ತುಣುಕಾದರೋ ೨ ಚದರ ಸೆಂಟಿಮೀಟರ್. ಚದರ ಸೆಂಟಿಮೀಟರೊಂದಕ್ಕೆ ಲೆಕ್ಕಹಾಕಿದರೆ ಇಸ್ತ್ರಿಪೆಟ್ಟಿಗೆಯಲ್ಲಿ ೫ ವಾಟ್, ಪ್ರೊಸೆಸರಿನಲ್ಲಿ ೬೦ಕ್ಕೂ ಹೆಚ್ಚು. ಇಸ್ತ್ರಿಪೆಟ್ಟಿಗೆ ಬಟ್ಟೆಯನ್ನು ಸುಡಬಲ್ಲುದು. ಅದರ ಹನ್ನೆರಡು ಪಟ್ಟು ದಟ್ಟವಾದ ಶಾಖವನ್ನು ಹೊರಸೂಸುತ್ತ ಪ್ರೊಸೆಸರ್ ಮಾತ್ರ ೧೦೦ ಡಿಗ್ರಿಯೊಳಗೆ ಇರಬೇಕು. ಇಷ್ಟು ಸಣ್ಣ ಜಾಗದಿಂದ ಶಾಖವನ್ನು ಎತ್ತಿಕೊಂಡು ಹೋಗಲು ದ್ರವವು ಬಹಳ ಅನುಕೂಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾಗುವ ಶಾಖವು ಒಂದು ಲೀಟರ್ ಗಾಳಿಗೆ ಬೇಕಾಗುವುದರ ಮೂರು ಸಾವಿರ ಪಟ್ಟಿಗೂ ಮೀರಿದುದು. ದೊಡ್ಡ ಗಣಕಗಳನ್ನು ಕಟ್ಟಿದವರು ಇದನ್ನು ಬಹಳ ಹಿಂದೆಯೇ ಉಪಯೋಗಿಸಿಕೊಂಡಿದ್ದರು. ೧೯೮೦ರಲ್ಲಿ ಪ್ರಕಟವಾದ ಐ.ಬಿ.ಎಂ. ೩೦೮೧ ಎಂಬ ಗಣಕದಲ್ಲಿ ಚಿಪ್ಪುಗಳ ಶಾಖವನ್ನು ಹರಿಯುವ ನೀರು ಒಯ್ಯುತ್ತಿದ್ದಿತು. ೧೯೮೫ರ ಕ್ರೇ-೨ ಯಂತ್ರದಲ್ಲಂತೂ ವಿದ್ಯುನ್ಮಂಡಲಗಳನ್ನೇ ವಿದ್ಯುತ್ತು ಹರಿಯಗೊಡದ ಫ್ಲೂರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿಟ್ಟಿದ್ದರು.

ಓಮನ ನಿಯಮದ ಅಣ್ಣ

ಓಮನ ನಿಯಮವನ್ನು ಅರಿಯದ ವಿದ್ಯಾರ್ಥಿಯಿಲ್ಲ. ಅದಕ್ಕೊಬ್ಬ ಅಣ್ಣನಿದ್ದನೆಂಬುದು ಹಲವರಿಗೆ ತಿಳಿಯದು. ಫ್ರಾನ್ಸಿನ ಫೂರಿಯೇ ೧೮೨೨ರಲ್ಲಿ ಶಾಖಪ್ರವಾಹದ ಗಣಿತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಐದು ವರ್ಷಗಳ ತರುವಾಯ, ೧೮೨೭ರಲ್ಲಿ, ಓಮನು ವಿದ್ಯುತ್ತಿನ ಪ್ರವಾಹವನ್ನು ವಿವರಿಸುವಾಗ ಅದೇ ಜಾಡನ್ನು ಹಿಡಿದನು. ಅವನು ಶಾಖದಿಂದ ಪಡೆದ ಸಾಲವನ್ನು ನಾವೀಗ ಶಾಖಕ್ಕೆ ಹಿಂದಿರುಗಿಸೋಣ. ವಿಭವಾಂತರದ ಜಾಗದಲ್ಲಿ ಉಷ್ಣತೆಯ ಅಂತರವನ್ನೂ, ವಿದ್ಯುತ್ ಪ್ರವಾಹದ ಜಾಗದಲ್ಲಿ ವಾಟ್‌ಗಳಲ್ಲಿ ಅಳೆದ ಶಾಖಪ್ರವಾಹವನ್ನೂ ಇಟ್ಟರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವುದೇ ಶಾಖರೋಧ. ಅದರ ಮಾನ, ವಾಟ್ ಒಂದಕ್ಕೆ ಇಷ್ಟು ಡಿಗ್ರಿ ಎಂದು.

ಪ್ರೊಸೆಸರಿನಿಂದ ಕೋಣೆಯ ಗಾಳಿಯವರೆಗೆ ಶಾಖವು ಸಾಲಾಗಿ ಜೋಡಿಸಿದ ಹಲವು ರೋಧಗಳನ್ನು ದಾಟಬೇಕು: ಸಿಲಿಕಾನಿನಿಂದ ಅದರ ಲೋಹದ ಮುಚ್ಚಳ, ಮುಚ್ಚಳದಿಂದ ಪೇಸ್ಟಿನ ಮೂಲಕ ತಾಮ್ರದ ಫಲಕ, ಫಲಕದಿಂದ ದ್ರವ, ದ್ರವದಿಂದ ರೇಡಿಯೇಟರ್, ರೇಡಿಯೇಟರಿನಿಂದ ಗಾಳಿ. ಸಾಲಿನಲ್ಲಿರುವ ರೋಧಗಳು ಕೂಡಿಕೊಳ್ಳುವುವು. ಒಂದು ಕೊಂಡಿ ಕೆಟ್ಟರೂ ಮೊತ್ತವು ಏರುವುದು. ಯಾವ ಕೊಂಡಿ ಕೆಟ್ಟಿದೆ ಎಂಬುದನ್ನು ಮೊತ್ತವು ತಾನಾಗಿ ಹೇಳದು.

ಯಂತ್ರವನ್ನು ಕೊಂಡ ಚಳಿಗಾಲದಲ್ಲಿ, ಎರಡು ವರ್ಷಗಳ ಹಿಂದೆ, ನಾನು ಕೆಲವು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೆನು. ಕೋಣೆ ೨೬ ಡಿಗ್ರಿ, ಪ್ರೊಸೆಸರ್ ೬೮ ಡಿಗ್ರಿ, ೧೨೫ ವಾಟ್. ಅಂತರ ೪೨, ಅದನ್ನು ೧೨೫ರಿಂದ ಭಾಗಿಸಿದರೆ ೦.೩೪. ಕೂಲರಿಗೆ ಏನೂ ಆಗಿಲ್ಲವೆಂದುಕೊಂಡರೂ ಏಪ್ರಿಲ್ ತಿಂಗಳ ೩೮ ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ ೮೦ ಡಿಗ್ರಿ ತೋರಿಸಲೇಬೇಕು. ಚಳಿಗಾಲದ ಅಂಕಿಯನ್ನು ಬೇಸಗೆಯ ಅಂಕಿಯೊಡನೆ ನೇರವಾಗಿ ಹೋಲಿಸಿ ಹನ್ನೆರಡು ಡಿಗ್ರಿಗೆ ಗಾಬರಿಗೊಳ್ಳುವವರು ಕಲಬುರಗಿಯ ಬಿಸಿಲನ್ನು ಕೂಲರಿನ ತಪ್ಪಿನ ಪಟ್ಟಿಯಲ್ಲಿ ಸೇರಿಸಿದಂತಾಯಿತು. ಹೆಚ್ಚಿನ ಉಷ್ಣತೆಯೆಲ್ಲವೂ ರೋಗವಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವೂ ಉಂಟು: ೨೦೨೨ರಲ್ಲಿ ಬಂದ ಎ.ಎಂ.ಡಿ. ರೈಜೆನ್ ೭೦೦೦ ಸಾಲಿನ ಕೆಲವು ಪ್ರೊಸೆಸರ್‌ಗಳನ್ನು ಪೂರ್ಣ ಕೆಲಸದಲ್ಲಿ ೯೫ ಡಿಗ್ರಿಯವರೆಗೆ ಏರುವಂತೆಯೇ ರಚಿಸಿದ್ದಾರೆ.

ನಮ್ಮದರಲ್ಲಿ ದೋಷವಿದ್ದುದು ನಿಜ. ಪರದೆಯಲ್ಲಿದ್ದುದು ೮೦ ಅಲ್ಲ, ೧೦೦. ಇಲ್ಲಿಯೇ ಒಂದು ಮೋಸವಿದೆ, ಓದುಗರು ಗಮನಿಸಬೇಕು. ೧೦೦ಕ್ಕೂ ೮೦ಕ್ಕೂ ಇಪ್ಪತ್ತೇ ಡಿಗ್ರಿ ವ್ಯತ್ಯಾಸ; ಆದ್ದರಿಂದ ದೋಷ ಸಣ್ಣದೆಂದು ತೋರುವುದು. ಆದರೆ ಈ ಪ್ರೊಸೆಸರ್ ೧೦೦ ಡಿಗ್ರಿಯನ್ನು ಮುಟ್ಟಿದೊಡನೆ ತನ್ನನ್ನು ಕಾಪಾಡಿಕೊಳ್ಳಲು ಕೆಲಸದ ವೇಗವನ್ನು ತಾನೇ ಇಳಿಸಿಕೊಳ್ಳುವುದು. ಅದರೊಡನೆ ವಾಟ್‌ಗಳೂ ಇಳಿಯುವುವು. ಅಷ್ಟರಿಂದಲೂ ಸಾಲದೆ ಉಷ್ಣತೆ ಇನ್ನೂ ಏರಿದರೆ ಯಂತ್ರವನ್ನೇ ಆರಿಸಿಬಿಡುವುದು. ಆ ರಾತ್ರಿಗಳಲ್ಲಿ ಆದುದು ಇದೇ. ಹಗಲಿನಲ್ಲಿ ನಾವು ನೋಡಿದಾಗ ಉಷ್ಣತೆ ೧೦೦ರಲ್ಲಿ ಅಲ್ಲಾಡದೆ ನಿಂತಿದ್ದಿತು, ವಾಟ್ ಮಾತ್ರ ೭೦ಕ್ಕೆ ಕುಸಿದಿದ್ದಿತು. ೬೨ನ್ನು ೭೦ರಿಂದ ಭಾಗಿಸಿರಿ: ೦.೮೯. ಶಾಖರೋಧವು ಎರಡೂವರೆ ಪಟ್ಟಿಗೂ ಮೀರಿ ಬೆಳೆದಿದ್ದಿತು! ಉಷ್ಣತೆಯ ಅಂಕಿಯೊಂದನ್ನೇ ನೋಡುತ್ತ ಕುಳಿತವನಿಗೆ ಇದು ಎಂದಿಗೂ ಕಾಣದು. ಪ್ರೊಸೆಸರ್ ತನ್ನ ಉಷ್ಣತೆಯನ್ನೂ ವಾಟ್‌ಗಳನ್ನೂ ತಾನೇ ತಿಳಿಸುವುದರಿಂದ ಈ ಭಾಗಾಕಾರವನ್ನು ಯಾರಾದರೂ ಮಾಡಬಹುದು. ಬೇಕಾದುದು ಕೋಣೆಯಲ್ಲಿ ತೂಗುಹಾಕಿದ ಒಂದು ಉಷ್ಣತಾಮಾಪಕ ಅಷ್ಟೆ.

ನಾನು ಮಾಡಿದ ತಪ್ಪು

ಇಷ್ಟನ್ನು ಲೆಕ್ಕಹಾಕಿದ ಮೇಲೆ ನಾನು ವಿವೇಕದಿಂದ ಮುಂದುವರಿದೆನೆಂದು ಹೇಳಲಾರೆ. ಮೊದಲು ಕೈಹಾಕಿದುದು ಥರ್ಮಲ್ ಪೇಸ್ಟಿಗೆ. ಪ್ರೊಸೆಸರಿನ ಮುಚ್ಚಳವೂ ತಾಮ್ರದ ಫಲಕವೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ಸಂದುಗಳಿದ್ದೇ ಇರುವುವು. ಅಲ್ಲಿ ಗಾಳಿಯಿದ್ದರೆ ಶಾಖಕ್ಕೆ ದೊಡ್ಡ ಅಡ್ಡಿ. ಮುಚ್ಚಳವು ೯ ಚದರ ಸೆಂಟಿಮೀಟರ್, ಸಂದು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಎಂದಿಟ್ಟುಕೊಂಡರೆ, ಗಾಳಿಯೇ ತುಂಬಿದ ಆ ಸಂದಿನ ಮೂಲಕ ೧೨೫ ವಾಟ್ ಹರಿಯಲು ಸುಮಾರು ೨೭೦ ಡಿಗ್ರಿ ಅಂತರ ಬೇಕಾಗುವುದು. ಯಂತ್ರವು ಅಲ್ಲಿಯವರೆಗೆ ಕಾಯದೆ ಆರಿಹೋಗುವುದೆಂಬುದು ಬೇರೆ ಮಾತು. ಅದೇ ಸಂದಿನಲ್ಲಿ ಸಾಧಾರಣ ಪೇಸ್ಟ್ ತುಂಬಿದ್ದರೆ ಒಂದೂವರೆ ಡಿಗ್ರಿಯೂ ಬೇಡ. ತರಗತಿಯಲ್ಲಿ ಈ ಲೆಕ್ಕವನ್ನು ಪ್ರತಿವರ್ಷವೂ ಹೇಳುವ ನನಗೆ ದೋಷವು ಇಲ್ಲಿಯೇ ಇರಬೇಕೆಂಬ ಹಂಬಲವಿದ್ದಿತೆಂದು ಕಾಣುತ್ತದೆ. ಹಳೆಯ ಪೇಸ್ಟನ್ನು ಒರಸಿ ಹೊಸದನ್ನು ಬಟಾಣಿಯಷ್ಟು ಇಟ್ಟೆನು. ಸಾಲದೆಂದು ಮತ್ತೊಮ್ಮೆ, ಗೆರೆ ಎಳೆದಂತೆ. ಮೂರನೆಯ ಸಲ ಅಲಗಿನಿಂದ ಸಮನಾಗಿ ಹರಡಿ. ಒಂದೂವರೆ ದಿನ ಕಳೆಯಿತು. ಕೊನೆಗೆ ೧೦೦ ಡಿಗ್ರಿ, ೭೨ ವಾಟ್: ರೋಧವು ೦.೮೯ರಿಂದ ೦.೮೬ಕ್ಕೆ ಇಳಿದಿದ್ದಿತು. ಪೇಸ್ಟಿನ ಪದರವು ಎರಡರಷ್ಟು ದಪ್ಪವಾದರೂ ಹೆಚ್ಚುವುದು ಒಂದೂವರೆ ಡಿಗ್ರಿ ಎಂಬ ನನ್ನ ಲೆಕ್ಕವನ್ನೇ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬಟಾಣಿಯೋ ಗೆರೆಯೋ ಎಂದು ವಾದಿಸುವವರೊಡನೆ ಇನ್ನು ಮುಂದೆ ನಾನು ವಾದಕ್ಕೆ ಕೂಡುವುದಿಲ್ಲ. ತಿರುಪುಗಳು ಸಮವಾಗಿ ಬಿಗಿದಿವೆಯೇ, ಹೊಸ ಕೂಲರಾದರೆ ಫಲಕದ ಮೇಲೆ ಅಂಟಿಸಿ ಕಳುಹಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿದ್ದಾರೆಯೇ ಎಂದು ನೋಡಿದರೆ ಆ ಕೊಂಡಿಯ ವಿಚಾರ ಬಹುಮಟ್ಟಿಗೆ ಮುಗಿಯಿತು.

ರೇಡಿಯೇಟರಿನ ಪಟ್ಟಿಗಳಲ್ಲಿ ಕೂತಿದ್ದ ಧೂಳನ್ನು ಊದಿ ತೆಗೆದೆವು. ಫ್ಯಾನುಗಳು ಚೆನ್ನಾಗಿಯೇ ತಿರುಗುತ್ತಿದ್ದುವು. ಪಂಪಿನ ವೇಗವನ್ನೂ ಪರದೆಯಲ್ಲಿ ನೋಡಿದೆನು. ಹಿಂದೆ ಬರೆದಿಟ್ಟುದಕ್ಕಿಂತ ತುಸು ಹೆಚ್ಚೇ ಇದ್ದಿತು. ಸರಿ, ಪಂಪ್ ನಿರ್ದೋಷಿ ಎಂದು ತೀರ್ಮಾನಿಸಿಬಿಟ್ಟೆನು. ಇದು ಪೇಸ್ಟಿಗಿಂತಲೂ ದೊಡ್ಡ ತಪ್ಪು.

ನಾನು ಮಾಡಬೇಕಾಗಿದ್ದುದು ಗಡಿಯಾರವನ್ನು ಹಿಡಿದು ಕೂಡುವುದು. ಕೊಂಡಿಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಕಾಲವುಂಟು. ಸಿಲಿಕಾನಿನ ತುಣುಕು ಬಹಳ ಹಗುರ. ಅದರ ಮೇಲಿನ ಸಂಪರ್ಕವು ಕೆಟ್ಟಿದ್ದರೆ ಕೆಲಸ ಕೊಟ್ಟ ಒಂದೆರಡು ಸೆಕೆಂಡುಗಳಲ್ಲಿಯೇ ಉಷ್ಣತೆಯು ಮೇಲಕ್ಕೆ ನೆಗೆಯುವುದು. ದ್ರವವೂ ರೇಡಿಯೇಟರೂ ಸೇರಿದರೆ ಭಾರ ಹೆಚ್ಚು. ಅವು ಬಿಸಿಯಾಗಿ ಒಂದು ಮಟ್ಟಕ್ಕೆ ನಿಲ್ಲಲು ನಿಮಿಷಗಳೇ ಹಿಡಿಯುವುವು. ಆದುದರಿಂದ ಧೂಳು ಕಟ್ಟಿದ ಪಟ್ಟಿಗಳು, ನಿಂತ ಫ್ಯಾನು, ಗಾಳಿಯಾಡದ ಕ್ಯಾಬಿನೆಟ್ಟು ಇವುಗಳ ದೋಷವು ಮೆಲ್ಲಮೆಲ್ಲನೆ, ಹತ್ತು ಹದಿನೈದು ನಿಮಿಷಗಳ ಏರಿಕೆಯಾಗಿ ತೋರುವುದು. ಇವೆರಡರ ನಡುವೆ ತಾಮ್ರದ ಫಲಕವೂ ಅದರೊಳಗಣ ಹಿಡಿಯಷ್ಟು ದ್ರವವೂ ಇವೆ. ದ್ರವವು ಮುಂದೆ ಸಾಗದಿದ್ದರೆ ಅವು ಕಾಯಲು ಅರ್ಧ ನಿಮಿಷ ಸಾಕು. ಮೂರನೆಯ ದಿನ ಬೆಳಿಗ್ಗೆ ಆ ವಿದ್ಯಾರ್ಥಿನಿಯೇ ಗಡಿಯಾರವನ್ನು ಹಿಡಿದಳು. ತಣ್ಣಗಿದ್ದ ಯಂತ್ರಕ್ಕೆ ಕೆಲಸ ಕೊಟ್ಟೊಡನೆ ಉಷ್ಣತೆ ನೆಗೆಯಲಿಲ್ಲ, ತೆವಳಲೂ ಇಲ್ಲ. ಸುಮಾರು ಮೂವತ್ತು ಸೆಕೆಂಡುಗಳಲ್ಲಿ ೧೦೦ನ್ನು ಮುಟ್ಟಿತು.

ಕ್ಯಾಬಿನೆಟ್ಟಿನ ಹತ್ತಿರ ಬಾಗಿದ್ದ ಅವಳು ಆಗ ಹೇಳಿದ ಮಾತು ಇದು: "ಸರ್, ನಮ್ಮ ಹೊಲದಾಗಿನ ಪಂಪ್ ಗಾಳಿ ಹಿಡದಾಗ ಹಿಂಗೇ ಸಪ್ಪಳ ಮಾಡ್ತದ್ರಿ."

ಕಿವಿಗೊಟ್ಟು ಕೇಳಿದೆನು. ಫ್ಯಾನಿನ ಸದ್ದಿನ ಅಡಿಯಲ್ಲಿ ಸಣ್ಣಗೆ ಗುಳುಗುಳು ಎಂಬ ದನಿ. ಎರಡು ದಿನವೂ ಅದನ್ನು ನಾನು ಕೇಳಿದ್ದೆನು, ಆದರೆ ಅದು ನನಗೆ ಏನನ್ನೂ ಹೇಳಿರಲಿಲ್ಲ.

ಬಾವಿಯ ಮೇಲಿನ ಪಂಪು ಗಾಳಿ ಹಿಡಿದರೆ ಎಷ್ಟು ಜೋರಾಗಿ ತಿರುಗಿದರೂ ನೀರನ್ನೆತ್ತದೆಂಬುದನ್ನು ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಮೇಲಿನಿಂದ ನೀರು ಹೊಯ್ದು ಗಾಳಿಯನ್ನು ಹೊರಡಿಸುತ್ತಾರೆ. ಗಣಕದ ಪಂಪೂ ಅದೇ ಜಾತಿಯದು. ಚಕ್ರವು ದ್ರವವನ್ನು ಸುತ್ತಿಸಿ ಹೊರಕ್ಕೆಸೆಯುವುದು. ಗಾಳಿ ಹಗುರವಾದುದರಿಂದ ಅದನ್ನು ಎಸೆದರೆ ಹುಟ್ಟುವ ಒತ್ತಡ ಅತ್ಯಲ್ಪ. ಹೊರೆ ಕಡಿಮೆಯಾದ ಚಕ್ರವು ತುಸು ವೇಗವಾಗಿಯೇ ತಿರುಗುವುದು. ಪರದೆಯ ಮೇಲೆ ನಾನು ಪಂಪಿನ ಆರೋಗ್ಯವೆಂದು ಭಾವಿಸಿದ್ದುದು ಅದರ ರೋಗದ ಲಕ್ಷಣವಾಗಿದ್ದಿತು. ಸುತ್ತುಗಳ ಎಣಿಕೆಯೇ ಬೇರೆ, ಸಾಗಿದ ದ್ರವದ ಮೊತ್ತವೇ ಬೇರೆ.

ಆದರೂ ಈ ಸಲ ಊಹೆಯ ಮೇಲೆ ನಡೆಯದಿರಲು ನಿಶ್ಚಯಿಸಿದೆವು. ನಳಿಕೆಯನ್ನು ಕೊಯ್ಯದೆಯೇ ಒಳಗಿನ ಪ್ರವಾಹವನ್ನು ಅಳೆಯಲು ಉಪಾಯವೊಂದಿದೆ. ಎರಡು ನಳಿಕೆಗಳಿಗೂ ಪ್ರಯೋಗಶಾಲೆಯ ಥರ್ಮೊಕಪಲ್‌ಗಳನ್ನು ಕಟ್ಟಿ, ಮೇಲೆ ಹತ್ತಿಯನ್ನು ಸುತ್ತಿದೆವು. ಹೋಗುವ ನಳಿಕೆ ೬೩ ಡಿಗ್ರಿ, ಮರಳುವ ನಳಿಕೆ ೪೧ ಡಿಗ್ರಿ. ಅಂತರ ೨೨. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ೪.೧೮ ಜೂಲ್ ಶಾಖ ಬೇಕು. ಸೆಕೆಂಡಿಗೆ ೭೨ ಜೂಲ್ ಶಾಖವನ್ನು ೨೨ ಡಿಗ್ರಿ ಅಂತರದಲ್ಲಿ ಒಯ್ಯುತ್ತಿರುವ ನೀರೆಷ್ಟು? ಸೆಕೆಂಡಿಗೆ ಒಂದು ಗ್ರಾಮಿಗಿಂತಲೂ ಕಡಿಮೆ. ನಿಮಿಷಕ್ಕೆ ಸುಮಾರು ೪೭ ಮಿಲಿಲೀಟರ್, ಅಂದರೆ ಹೋಟೆಲಿನ ಬೈ-ಟು ಚಹದಲ್ಲಿ ಒಬ್ಬರ ಪಾಲಿಗೆ ಬರುವಷ್ಟು. ನಿಮಿಷಕ್ಕೆ ಒಂದು ಲೀಟರಿನಷ್ಟು ಹರಿಯಬೇಕಾದಲ್ಲಿ ಇದು! ಹಾಗೆ ಹರಿದಿದ್ದರೆ ೧೨೫ ವಾಟ್ ಇದ್ದಾಗಲೂ ಎರಡು ನಳಿಕೆಗಳ ನಡುವಣ ಅಂತರ ಎರಡು ಡಿಗ್ರಿಯನ್ನು ಮೀರುತ್ತಿರಲಿಲ್ಲ. (ಒಳಗಿರುವುದು ಬರಿಯ ನೀರಲ್ಲ, ಗ್ಲೈಕಾಲ್ ಬೆರೆತ ದ್ರವ, ರಬ್ಬರಿನ ಹೊರಮೈ ಒಳಗಿನ ದ್ರವದಷ್ಟು ಬಿಸಿಯೂ ಇರದು. ಆದುದರಿಂದ ಈ ಅಂಕಿಯಲ್ಲಿ ಹತ್ತಿಪ್ಪತ್ತು ಪಾಲು ಹೆಚ್ಚುಕಡಮೆ ಇರಬಹುದು. ಇಪ್ಪತ್ತು ಪಟ್ಟು ಕೊರತೆಯ ಮುಂದೆ ಅದು ಲೆಕ್ಕಕ್ಕಿಲ್ಲ.)

ಇನ್ನೊಂದು ಅಂಶವೂ ಅದರಿಂದಲೇ ತಿಳಿಯಿತು. ಮರಳುವ ದ್ರವವು ಕೋಣೆಗಿಂತ ಮೂರೇ ಡಿಗ್ರಿ ಮೇಲಿದ್ದುದರಿಂದ ರೇಡಿಯೇಟರಿನ ಮೇಲೆ ಯಾವ ಅಪವಾದವೂ ಉಳಿಯಲಿಲ್ಲ. ಪ್ರೊಸೆಸರಿಗೂ ಹೊರಟ ದ್ರವಕ್ಕೂ ನಡುವೆ ಮಾತ್ರ ೩೭ ಡಿಗ್ರಿ ಅಂತರವಿದ್ದಿತು; ೭೨ ವಾಟ್‌ಗಳಿಗೆ ಅದು ಬಹಳ ಹೆಚ್ಚು. ದ್ರವವು ನಿಧಾನವಾದಾಗ ಫಲಕಕ್ಕೆ ಅಂಟಿಕೊಂಡ ಪದರವು ಕದಲದೆ ನಿಂತು ಶಾಖಕ್ಕೆ ಕಂಬಳಿ ಹೊದಿಸಿದಂತಾಗುವುದು. ಪಂಪ್ ಸೋತುದರಿಂದ ಒಂದಲ್ಲ, ಎರಡು ಕೊಂಡಿಗಳು ಕೆಟ್ಟಿದ್ದುವು.

ಗಾಳಿ ಬಂದುದೆಲ್ಲಿಂದ?

ಮುಚ್ಚಿದ ಕೊಳವೆಯೊಳಗೆ ಗಾಳಿ ಹೇಗೆ ಸೇರಿತು? ರಬ್ಬರ್ ನಳಿಕೆಯು ಕಣ್ಣಿಗೆ ಬಿಗಿಯಾಗಿ ಕಂಡರೂ ಅದರ ಗೋಡೆಯ ಮೂಲಕ ದ್ರವದ ಅಣುಗಳು ಅತಿ ನಿಧಾನವಾಗಿ ನುಸುಳಿ ಹೋಗುತ್ತಲೇ ಇರುವುವು. ವರ್ಷಗಳು ಕಳೆದಂತೆ ದ್ರವವು ಕಡಿಮೆಯಾಗಿ, ತೆರವಾದ ಎಡೆಯಲ್ಲಿ ಗಾಳಿ ಕೂಡುವುದು. ಇದು ಇಂತಹ ಎಲ್ಲ ಕೂಲರುಗಳಿಗೂ ಒದಗುವ ಮುಪ್ಪು. ರೇಡಿಯೇಟರ್ ಮೇಲಿದ್ದರೆ ಆ ಗಾಳಿ ಅದರ ನೆತ್ತಿಯಲ್ಲಿ ಸೇರಿಕೊಂಡು ಯಾರಿಗೂ ತೊಂದರೆ ಕೊಡದೆ ಬಿದ್ದಿರುವುದು. ನಮ್ಮ ಯಂತ್ರವನ್ನು ಜೋಡಿಸಿದವರು ಜಾಗದ ಅನುಕೂಲಕ್ಕಾಗಿ ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳಕ್ಕೆ ಬಿಗಿದಿದ್ದರು. ಹೀಗಾಗಿ ಇಡೀ ಕೊಳವೆಯಲ್ಲಿ ಎಲ್ಲಕ್ಕಿಂತ ಎತ್ತರದ ಸ್ಥಳ ಪಂಪಿನದಾಯಿತು. ಕೊಳವೆ ತುಂಬಿದ್ದಾಗ ಎರಡು ವರ್ಷ ಯಾವ ತೊಡಕೂ ಕಾಣಲಿಲ್ಲ. ಆಮೇಲೆ ಒಂದೊಂದೇ ಗುಳ್ಳೆ ಮೇಲೇರಿ, ಏರಬಾರದ ಕಡೆಯಲ್ಲಿಯೇ ಮನೆಮಾಡಿತು.

ಚಿಕಿತ್ಸೆಗೆ ಹಣವೇನೂ ಬೇಕಾಗಲಿಲ್ಲ. ಯಂತ್ರವನ್ನು ಆರಿಸಿ, ರೇಡಿಯೇಟರ್ ಪಂಪಿಗಿಂತ ಮೇಲೆ ಬರುವಂತೆ ಕ್ಯಾಬಿನೆಟ್ಟನ್ನು ಮಗುಚಿ ನಿಲ್ಲಿಸಿ, ಕೆಲಸ ಕೊಡದೆ ಪಂಪನ್ನು ನಡೆಸಿದೆವು. ಗುಳುಗುಳು ಸದ್ದು ಮೊದಲು ಜೋರಾಯಿತು, ನಳಿಕೆಯೊಳಗೆ ಏನೋ ಉರುಳಿದಂತಾಯಿತು, ಕೆಲವು ನಿಮಿಷಗಳಲ್ಲಿ ಪೂರ್ತಿ ನಿಂತಿತು. ಬಳಿಕ ರೇಡಿಯೇಟರನ್ನು ಬಿಚ್ಚಿ ಕ್ಯಾಬಿನೆಟ್ಟಿನ ಛಾವಣಿಗೆ ಬಿಗಿದೆವು. ನಳಿಕೆಗಳು ಅಲ್ಲಿಯವರೆಗೆ ಧಾರಾಳವಾಗಿ ಎಟುಕಿದುವು. ಕೊಳವೆಯನ್ನು ಮಾತ್ರ ನಾವು ಬಿಚ್ಚಲಿಲ್ಲ. ಇಂತಹ ಮುಚ್ಚಿದ ಕೂಲರನ್ನು ಬಿಚ್ಚಿ ಮನೆಯ ನೀರು ತುಂಬುವ ಸಾಹಸಕ್ಕೆ ಓದುಗರು ಹೋಗಬಾರದು. ಒಳಗಿನ ದ್ರವದಲ್ಲಿ ಲೋಹವು ಸವೆಯದಂತೆ ತಡೆಯುವ ಪದಾರ್ಥಗಳಿರುವುವು, ಮತ್ತು ಒಮ್ಮೆ ಸಡಿಲಿಸಿದ ಕೀಲು ವಿದ್ಯುನ್ಮಂಡಲದ ಮೇಲೆಯೇ ಸೋರಬಹುದು.

ಆ ಸಂಜೆ ಕೋಣೆ ೩೮ ಡಿಗ್ರಿಯಲ್ಲಿರಲು ಯಂತ್ರಕ್ಕೆ ಪೂರ್ಣ ಕೆಲಸ ಕೊಟ್ಟೆವು. ೧೨೫ ವಾಟ್, ಪ್ರೊಸೆಸರ್ ೮೧ ಡಿಗ್ರಿ. ನಳಿಕೆಗಳ ನಡುವಣ ಅಂತರವನ್ನು ಥರ್ಮೊಕಪಲ್ ಎರಡು ಡಿಗ್ರಿ ಎಂದು ತೋರಿಸಿತು. ರೋಧ ೦.೩೪. ಪ್ರೊಸೆಸರಿಗೆ ಏನೂ ಆಗಿರಲಿಲ್ಲ.

ವಿದ್ಯಾರ್ಥಿನಿಯ ಲೆಕ್ಕವು ಐದು ಹಗಲು ಐದು ರಾತ್ರಿ ನಡೆದು ಮುಗಿಯಿತು. ಪ್ರಬಂಧವನ್ನು ಅವಳು ಗಡುವಿಗೆ ನಾಲ್ಕು ದಿನ ಮೊದಲೇ ಒಪ್ಪಿಸಿದಳು. ಕೂಲರಿನ ಮುಪ್ಪು ನಿಂತಿದೆಯೆಂದು ನಾನು ಹೇಳುವುದಿಲ್ಲ. ದ್ರವವು ನುಸುಳುತ್ತಲೇ ಇದೆ. ಒಂದು ದಿನ ಅದನ್ನು ಬದಲಾಯಿಸಲೇಬೇಕು. ಆ ದಿನವು ಹೇಳದೆ ಬಾರದಿರಲೆಂದು ಕ್ಯಾಬಿನೆಟ್ಟಿನ ಮಗ್ಗುಲಿಗೆ ಒಂದು ಕಾಗದವನ್ನು ಅಂಟಿಸಿದ್ದೇವೆ. ತಿಂಗಳ ಮೊದಲನೆಯ ದಿನ ಯಾರಾದರೂ ಒಬ್ಬ ವಿದ್ಯಾರ್ಥಿ ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ವಾಟ್ ಇವುಗಳನ್ನು ನೋಡಿ, ಭಾಗಿಸಿ, ಬಂದ ಅಂಕಿಯನ್ನು ಅಲ್ಲಿ ಬರೆಯಬೇಕು. ಮೇ ತಿಂಗಳಿನಿಂದ ಆಗಸ್ಟಿನವರೆಗೆ ಬರೆದುದು ೦.೩೪. ಸೆಪ್ಟೆಂಬರಿನದು ೦.೩೫.